ಹಿಮನದಿ ಇದೆ ಎಂದವರು

ಮೊನ್ನೆ ನಮ್ಮ ಶಾಲೆಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ತೀರಿಕೊಂಡವರು ಹರಿಹರದವರು, ದಾವಣಗೆರೆಯ ನಮ್ಮ ಹೈಸ್ಕೂಲಿನಲ್ಲಿ ಬಹಳ ವರ್ಷ ಭೂಗೋಳ ಹೇಳಿಕೊಟ್ಟವರು. ಹೆಡ್‌ಮಾಸ್ತರು ಎದ್ದು ಒಳ್ಳೆಯ ಮಾತು ಆಡುತ್ತ ಆಡುತ್ತ, ಕೊನೆಗೆ ತಡೆಯಲಾರದೆ, "ಪಾಪ, ನಮ್ಮ ಹಿಮನದಿ ಮೇಷ್ಟ್ರು. ಇಲ್ಲದ್ದನ್ನ ಐತೆ ಐತೆ ಅಂತ ಹೇಳ್ಕಂತಾನೇ ಹೋದ್ರು" ಎಂದರು. ಹುಡುಗರು ನಕ್ಕರು. ಮಾಸ್ತರರು ನಕ್ಕರು. ವೇದಿಕೆಯ ಮೇಲೆ ಕೂತಿದ್ದ ಆಡಳಿತ ಮಂಡಳಿಯ ಅಧ್ಯಕ್ಷರೂ ನಕ್ಕರು. ಉಳಿದವರ ನಗುವನ್ನು ನಾನು ಸಹಿಸಿಕೊಂಡೆ, ಅವರಿಗೆ ಗೊತ್ತಿಲ್ಲ. ಅಧ್ಯಕ್ಷರ ನಗುವನ್ನು ಸಹಿಸಿಕೊಳ್ಳಲು ಆಗಲಿಲ್ಲ. ಯಾಕೆಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮನೆಯವರಿಗೆ ಒಳ್ಳೆಯದೇನೂ ಆಗುವುದಿಲ್ಲ. ಈ ಊರಿಗೆ ಹೆಸರು ಬೇಕಾಗಿಯೂ ಇಲ್ಲ. ಹಿಮನದಿ ಮೇಷ್ಟ್ರು ಎಂದರೆ ಮಂಡಿಪೇಟೆಯ ಹಮಾಲರಿಗೂ ಗೊತ್ತು. ನಾನು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಅವರಿಗಿಂತ ಬಹಳ ಚಿಕ್ಕವನು. ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಒಂದೇ ಒಂದು ಕುರ್ಚಿ ಖಾಲಿ ಇತ್ತು, ಅದು ಅವರ ಪಕ್ಕದ್ದು.

ಅದು ಖಾಲಿ ಇದ್ದುದಕ್ಕೆ ಕಾರಣವೂ ಇತ್ತು. ಮನುಷ್ಯ ಎಲ್ಲರ ಜೀವ ತಿನ್ನುತ್ತಿದ್ದರು. ಯಾರು ಯಾವ ಊರಿಂದ ಬರಲಿ, ಕ್ಷೇಮಸಮಾಚಾರಕ್ಕೆ ಮುಂಚೆ "ದಾರಿಯಾಗೆ ಹೊಳೆ ದಾಟಿದ್ರಾ? ನೀರೆಷ್ಟಿತ್ತು?" ಎಂದು ಕೇಳುವರು. ನಮ್ಮ ಹಿಂದಿ ಪಂಡಿತರು ಹೆಂಡತಿಯ ಹೆರಿಗೆಗೆಂದು ಬಳ್ಳಾರಿಗೆ ಹೋಗಿ ಬಂದಾಗ ಇವರು ಅಲ್ಲಿಯ ಬಂಡೆಗಳ ವಿಷಯ ಪೂರ್ತಿ ವಿಚಾರಿಸಿ, ಗಂಟೆ ಹೊಡೆದು ಎದ್ದು ಹೋದ ಮೇಲೆ, ಬಾಗಿಲಿಂದ ತಲೆ ಹಾಕಿ, "ಗಂಡೋ ಹೆಣ್ಣೋ?" ಎಂದರು. ಪಂಡಿತರು ಆಮೇಲೆ ಅವರೊಂದಿಗೆ ಮಾತು ಬಿಟ್ಟರು. ಬಿಟ್ಟದ್ದು ಇವರಿಗೆ ಗೊತ್ತಾಗಲಿಕ್ಕೆ ಒಂದು ತಿಂಗಳು ಬೇಕಾಯಿತು.

ಕಪ್ಪು ಕೋಟು, ಅಂಚು ಸವೆದ ಟೋಪಿ, ಎಡಗೈ ತುಂಬ ಸೀಮೆಸುಣ್ಣದ ಪುಡಿ. ದಿನಾ ಹರಿಹರದಿಂದ ಬೆಳಗಿನ ಗಾಡಿಗೆ ಬರುವರು, ಸಂಜೆ ಗಾಡಿಗೆ ಹೋಗುವರು. ಸಿಟ್ಟು ಮೂಗಿನ ತುದಿಯಲ್ಲಿ. ಹುಡುಗರನ್ನು ಹೊಡೆಯುತ್ತಿರಲಿಲ್ಲ, ಆದರೆ ಉರು ಹೊಡೆದು ಒಪ್ಪಿಸಿದವನನ್ನು ನಿಲ್ಲಿಸಿ ನೀರು ಇಳಿಸುತ್ತಿದ್ದರು. "ಎಲ್ಲೈತೆ ಅಂತ ಬಾಯಿಪಾಠ ಹೇಳ್ಬ್ಯಾಡ. ಎಲ್ಲಿ ಇರಲೇಬೇಕು ಅಂತ ಲೆಕ್ಕ ಹಾಕಿ ಹೇಳು." ಇದು ಅವರ ಪಾಠದ ರೀತಿ. ಬಿಸಿನೀರಿನ ಬುಗ್ಗೆ ಎಲ್ಲಿರುತ್ತದೆ? ನೆಲದ ಕೆಳಗೆ ಕಾವಿರಬೇಕು, ಮೇಲಿಂದ ನೀರು ಇಳಿಯಬೇಕು, ಅದು ಏಳಲಿಕ್ಕೆ ಬಿರುಕಿರಬೇಕು. ಜಲಪಾತ ಎಲ್ಲಿ? ಗಟ್ಟಿ ಕಲ್ಲು ಮುಗಿದು ಮೆತ್ತನೆಯ ಕಲ್ಲು ಶುರುವಾಗುವ ಕಡೆ. ಭೂಪಟವನ್ನು ಅವರು ಕೊನೆಗೆ ಬಿಡಿಸುತ್ತಿದ್ದರು, ಹುಡುಗರು ಲೆಕ್ಕ ಹಾಕಿ ಮುಗಿಸಿದ ಮೇಲೆ, ತಾಳೆ ನೋಡಲಿಕ್ಕೆ.

ಹಿಮನದಿಯ ಪಾಠವನ್ನು ಬೇಕೆಂದೇ ಬೇಸಿಗೆಗೆ ಇಟ್ಟುಕೊಳ್ಳುತ್ತಿದ್ದರು. ಹೊರಗೆ ಹತ್ತಿ ಗಿರಣಿಯ ಧೂಳು, ಒಳಗೆ ಬೆವರು, ಹುಡುಗರು ಬರೆಯುವ ಪಟ್ಟಿಯಲ್ಲಿ ಗಾಳಿ ಬೀಸಿಕೊಳ್ಳುತ್ತ ಕೂತಿರುವರು. ಆಗ ಇವರು ಶುರು ಮಾಡುವರು. "ಬೀಳೋ ಹಿಮ ಕರಗೋ ಹಿಮಕ್ಕಿಂತ ಜಾಸ್ತಿ ಇರ್ಬೇಕು. ಅಷ್ಟೇ. ಅಂಥ ಜಾಗ ಎಲ್ಲೆಲ್ಲಿರ್ತಾವೆ? ಒಂದೋ ಭೂಮಿ ತುದೀಗೆ ಹೋಗ್ರಿ, ಇಲ್ಲಾ ಮೇಲಕ್ಕೆ ಹತ್ರಿ. ಬಿದ್ದಿದ್ದು ವರ್ಷ ವರ್ಷ ಕೂಡಿಕಂತ ಹೋಗಿ, ತನ್ನ ಭಾರಕ್ಕೆ ತಾನೇ ಕಲ್ಲಾಗಿ, ಕೆಳಕ್ಕೆ ಜಾರ್ತೈತೆ." ಒಬ್ಬ ಹುಡುಗ ಎದ್ದು, "ಜಾರೋದು ಕಾಣ್ತೈತೇನ್ರಿ ಸಾ?" ಎಂದ. "ಕಾಣಲ್ಲ. ನಿನ್ನ ಮೀಸೆ ಬೆಳೆಯೋದು ನಿನಗೆ ಕಾಣ್ತೈತೇನು?" ಎಂದರು. ಆ ಹುಡುಗನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಇಡೀ ತರಗತಿ ನಕ್ಕಿತು, ಅವರೂ ನಕ್ಕರು. ಆ ಪಾಠದ ದಿನ ಮಾತ್ರ ಅವರಿಗೆ ಸಿಟ್ಟು ಬರುತ್ತಿರಲಿಲ್ಲ.

ಇಷ್ಟೆಲ್ಲ ಹೇಳುವ ಮನುಷ್ಯ ಉತ್ತರಕ್ಕೆ ಹುಬ್ಬಳ್ಳಿ ದಾಟಿದವರಲ್ಲ. ಒಮ್ಮೆ ಜೋಗ ನೋಡಿದ್ದರು. ಹಿಮದ ಮೇಲೆ ಒಂದು ಸಲ ಕಾಲಿಡಬೇಕು ಎಂಬುದು ಅವರಿಗೆ ಹುಚ್ಚಿನಂತೆ ಹತ್ತಿತ್ತು. ಹರಿಹರದಲ್ಲಿ ಅವರ ಮನೆಗೆ ಊಟಕ್ಕೆ ಹೋದಾಗ ಅವರ ಹೆಂಡತಿ ನನ್ನೆದುರಿಗೇ ಹೇಳಿದರು: "ಎಲ್ರೂ ಕೇದಾರಕ್ಕೆ ಹೋಗ್ಬೇಕು ಅಂತಾರೆ ದೇವರಿಗಾಗಿ. ಇವರಿಗೆ ದೇವರು ಬ್ಯಾಡ್ರಿ, ದೇವರ ಹಿಂದಿನ ಗುಡ್ಡ ಬೇಕು." ಮೇಷ್ಟ್ರು ಮುದ್ದೆ ಮುರಿಯುತ್ತ, "ಗುಡ್ಡದಾಗೆ ಏನೈತೆ ಅಂತ ಕೇಳು" ಎಂದರು. "ಕೇಳಿ ಕೇಳಿ ಸಾಕಾಗೈತೆ" ಎಂದು ಆಕೆ ಒಳಗೆ ಹೋದರು.

ಅವರ ಲೆಕ್ಕ ಹೀಗಿತ್ತು. ತುಂಗಭದ್ರೆ ಬೇಸಿಗೆಯಲ್ಲಿ ಸೊರಗುತ್ತಾಳೆ, ಹರಿಹರದ ಸೇತುವೆಯ ಕೆಳಗೆ ಮರಳು ಕಾಣುತ್ತದೆ. ಕೇದಾರದ ಗುಡಿಯ ಹಿಂದೆ ಹುಟ್ಟುವ ಮಂದಾಕಿನಿ ಮಳೆಗಾಲಕ್ಕೆ ಮುಂಚೆ, ಬಿರುಬೇಸಿಗೆಯಲ್ಲೇ ಉಕ್ಕುತ್ತಾಳೆ ಎಂದು ಹೋಗಿ ಬಂದವರೆಲ್ಲ ಹೇಳುತ್ತಾರೆ. ಚಳಿಗಾಲ ಪೂರ್ತಿ ಹಿಮ ಬಿದ್ದು ಗುಡಿಯನ್ನೇ ಮುಚ್ಚುತ್ತಾರೆ. "ಹಂಗಾದ್ರೆ ಮೇಲೆ ನೀರು ಕೂಡಿಟ್ಟಿರ್ಬೇಕೋ ಬ್ಯಾಡೋ? ಗುಡಿ ಹಿಂದೆ ಒಂದು ಮೈಲಿ ಹತ್ತಿದ್ರೆ ಅದು ಇರಲೇಬೇಕು" ಎನ್ನುತ್ತಿದ್ದರು.

ಆಗ ನಮ್ಮ ಅಧ್ಯಕ್ಷರು ಕೇದಾರ ಯಾತ್ರೆಗೆ ಹೊರಟರು. ಅಧ್ಯಕ್ಷರೆಂದರೆ ಸಾಹುಕಾರರು, ಹತ್ತಿ ಜಿನ್ನಿನ ಮಾಲೀಕರು. ಶಾಲೆಯ ಕಟ್ಟಡಕ್ಕೆ ಕಲ್ಲು ಕೊಟ್ಟವರೂ ಅವರೇ, ಮಾಸ್ತರರ ಸಂಬಳಕ್ಕೆ ಸಹಿ ಹಾಕುವವರೂ ಅವರೇ. ಕೆಟ್ಟ ಮನುಷ್ಯರೇನಲ್ಲ. ಈ ಊರಿನಲ್ಲಿ ಹಸಿದು ಅವರ ಬಾಗಿಲಿಗೆ ಹೋಗಿ ಉಣ್ಣದೆ ಬಂದವರಿಲ್ಲ. ಭೂಗೋಳ ಮೇಷ್ಟ್ರನ್ನು ಮಂಡಿಗೆ ಕರೆಸಿ, ಗಾದಿಯ ಮೇಲೆ ಪಕ್ಕದಲ್ಲೇ ಕೂಡ್ರಿಸಿಕೊಂಡು, ಎಲ್ಲಿ ಗಾಡಿ ಬದಲಾಯಿಸಬೇಕು, ಎಲ್ಲಿಂದ ಕಾಲ್ನಡಿಗೆ, ಎಲ್ಲಿ ಚಳಿ ಶುರು ಎಂದೆಲ್ಲ ಕೇಳಿಕೊಂಡರು. ಮೇಷ್ಟ್ರು ದಿನಾ ಸಂಜೆ ಗಾಡಿ ತಪ್ಪಿಸಿಕೊಂಡು ಹೇಳಿದ್ದೇ ಹೇಳಿದ್ದು. ಸಾಹುಕಾರರು ಮೆಚ್ಚಿ, "ನೀವಿಲ್ದೆ ಹೆಂಗ್ರಿ ಮೇಷ್ಟ್ರೆ? ನೀವೂ ಬರ್ರಿ. ಖರ್ಚು ನಂದು" ಎಂದುಬಿಟ್ಟರು.

ಆ ದಿನ ಇವರು ಸ್ಟಾಫ್ ರೂಮಿಗೆ ಬಂದು ನನ್ನ ಕೈ ಹಿಡಿದುಕೊಂಡರು. ಮಾರನೆಯ ದಿನದಿಂದ ಕ್ಯಾನ್‌ವಾಸ್ ಬೂಟು ಹಾಕಿಕೊಂಡು, ಕಾಲು ಗಟ್ಟಿಯಾಗಲಿ ಎಂದು ಬೆಳಗ್ಗೆ ಹೊಳೆಯ ಮರಳಿನಲ್ಲಿ ನಡೆಯತೊಡಗಿದರು. ಹೆಂಡತಿ ಹಳೆಯ ಕಂಬಳಿ ಕತ್ತರಿಸಿ ಒಂದು ಒಳಅಂಗಿ ಹೊಲಿದರು. ಚುಚ್ಚುತ್ತದೋ ಇಲ್ಲವೋ ನೋಡಲಿಕ್ಕೆ ಅದನ್ನು ಏಪ್ರಿಲ್ ಬಿಸಿಲಿನಲ್ಲಿ ಕೋಟಿನ ಒಳಗೆ ಹಾಕಿಕೊಂಡು ಶಾಲೆಗೆ ಬಂದರು. ಮೈತುಂಬ ಬೆವರುಸಾಲೆ ಎದ್ದಿತು.

ಹೊರಡಲು ವಾರವಿದ್ದಾಗ ಸಾಹುಕಾರರ ಬೀಗರು ರಾಣೆಬೆನ್ನೂರಿನಿಂದ ಬಂದು, ತಾವೂ ಬರುತ್ತೇವೆ ಎಂದರು. ನಮ್ಮ ಕಡೆ ಬೀಗರ ಮಾತೆಂದರೆ ನಿಮಗೆ ಗೊತ್ತು. ಮಗಳು ಅವರ ಮನೆಯಲ್ಲಿದ್ದಾಳೆ. ಅವರಿಗೆ ಇಲ್ಲವೆಂದವನು ಯಾರಿದ್ದಾನೆ? ಗಾಡಿಯಲ್ಲಿ ಕಾದಿರಿಸಿದ ಜಾಗ ಭರ್ತಿಯಾಗಿತ್ತು. ಸಾಹುಕಾರರು ಮೇಷ್ಟ್ರನ್ನು ಕರೆದು, "ತಪ್ಪು ತಿಳೀಬ್ಯಾಡ್ರಿ. ಬೀಗರಿಗೆ ಆಗಲ್ಲ ಅನ್ನೋಕಾಗ್ತೈತಾ?" ಎಂದರು. ಮೇಷ್ಟ್ರು, "ಇಲ್ಲ ಇಲ್ಲ, ಅವರು ಹೋಗ್ಲೇಬೇಕು" ಎಂದು ಬಂದರಂತೆ. ನನಗೆ ಅದನ್ನು ಕೇಳಿ ಮೈ ಉರಿಯಿತು. ಅವರು ಬಯ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬಯ್ಯುವುದಿರಲಿ, ಕಳಿಸಿಕೊಡಲು ಸ್ಟೇಶನ್ನಿಗೆ ಹೋದರು. ನಾನೂ ಹೋಗಿದ್ದೆ. ಹೂವಿನ ಹಾರ, ಕರ್ಪೂರ, ಬುತ್ತಿಯ ಗಂಟು, ಜನವೋ ಜನ. ಆ ಗದ್ದಲದಲ್ಲಿ ಇವರು ಕಿಟಕಿಯ ಸರಳು ಹಿಡಿದುಕೊಂಡು, "ಸಾವ್ಕಾರ್ರೆ, ಗುಡಿ ಹಿಂದೆ ಹೊಳೆ ಹಿಡ್ಕಂಡು ಮೇಲಕ್ಕೆ ಹೋಗ್ರಿ. ಹೊಳೆ ಎಲ್ಲಿಂದ ಹೊರಗೆ ಬರ್ತೈತೋ ಅಲ್ಲೇ ಅದು. ನನಗೋಸ್ಕರ ಒಂದ್ಸಲ ನೋಡಿ ಬರ್ರಿ" ಎಂದರು. "ಆತು ಆತು, ನೋಡಿ ಬರ್ತೀನಿ" ಎಂದರು ಸಾಹುಕಾರರು. ಹೇಳಿದಂತೆ ನಡೆದುಕೊಂಡರು. ಅದನ್ನು ಒಪ್ಪಬೇಕು.

ಕೇದಾರದಿಂದ ಬಂದವರ ಪಾದಕ್ಕೆ ನೀರೆರೆದು ನಮಸ್ಕಾರ ಮಾಡುವುದು ನಮ್ಮಲ್ಲಿಯ ರೂಢಿ. ಆ ಮಣ್ಣು ತುಳಿದು ಬಂದ ಪಾದ ಎಂದು. ಆ ದಿನಗಳಲ್ಲಿ ಅವರು ಆಡಿದ ಮಾತಿಗೆ ಎದುರು ಮಾತಾಡುವುದಿಲ್ಲ. ಶಾಲೆಯ ಸಭಾಂಗಣದಲ್ಲಿ ಸಾಹುಕಾರರ ಪಾದಕ್ಕೆ ಒಬ್ಬೊಬ್ಬ ಮಾಸ್ತರರೂ ನೀರು ಹಾಕಿದೆವು. ಭೂಗೋಳ ಮೇಷ್ಟ್ರು ಉಳಿದವರಿಗಿಂತ ಹೆಚ್ಚು ಹೊತ್ತು ಬಗ್ಗಿದ್ದರು. ಆ ಪಾದ ಎಲ್ಲಿ ನಿಂತು ಬಂದಿದೆ ಎಂಬುದು ಅವರ ತಲೆಯಲ್ಲಿ ಇದ್ದಿರಬೇಕು.

ಆಮೇಲೆ ಸಾಹುಕಾರರು ಮಾತಾಡಿದರು. ದರ್ಶನದ ವಿಷಯ ಮುಗಿಸಿ, ಹುಡುಗರ ಕಡೆ ತಿರುಗಿ, "ನಿಮ್ಮ ಮೇಷ್ಟ್ರು ಒಂದು ಕೆಲಸ ಹೇಳಿದ್ರು. ಗುಡಿ ಹಿಂದೆ ಹಿಮನದಿ ಐತೆ, ನೋಡಿ ಬರ್ರಿ ಅಂತ. ಡೋಲಿಯೋರಿಗೆ ದುಡ್ಡು ಕೊಟ್ಟು, ಉಸಿರು ಕಟ್ಟಿಕೊಂಡು ಹೋದ್ನಪ್ಪ. ಏನೈತೆ ಅಲ್ಲಿ? ಕಲ್ಲು, ಜಲ್ಲಿ, ಕರೇ ಮಣ್ಣು. ದೊಡ್ಡದೊಂದು ತಿಪ್ಪೆ! ನಮ್ಮ ರೈಲ್ವೇ ಗೇಟಿನ ಹತ್ರ ಸುರೀತಾರಲ್ಲ, ಹಂಗೆ. ಹಿಮನದಿ ಗಿಮನದಿ ಏನೂ ಇಲ್ಲ. ಕಣ್ಣಾರೆ ಕಂಡು ಬಂದೀನಿ" ಎಂದರು. ಸಭೆ ಗೊಳ್ಳೆಂದಿತು.

ಮೇಷ್ಟ್ರು ಎದ್ದು ನಿಂತರು. ನಾನು ಕೋಟು ಹಿಡಿದು ಎಳೆದೆ, ಕೂರಲಿಲ್ಲ.

"ಸಾವ್ಕಾರ್ರೆ, ಹೊಳೆ ಆ ಕಲ್ಲಿನ ರಾಶಿ ಅಡಿಯಿಂದ ಬರ್ತಿತ್ತೇನ್ರಿ?"

"ಹೂಂ. ಅಡಿಯಿಂದ್ಲೇ."

"ನೀರು ತಿಳಿಯಾಗಿತ್ತಾ?"

"ಎಲ್ಲಿ ತಿಳಿ? ಸುಣ್ಣದ ನೀರು ಇದ್ದಂಗಿತ್ತು. ಕೈ ಇಟ್ರೆ ಕೊರೀತಿತ್ತು."

ಮೇಷ್ಟ್ರ ಕಣ್ಣು ತುಂಬಿ ಬಂದವು. ಸಂತೋಷಕ್ಕೆ. ಅದನ್ನು ಪಕ್ಕದಲ್ಲಿದ್ದ ನಾನು ನೋಡಿದ್ದೇನೆ. "ಸಾವ್ಕಾರ್ರೆ, ನೀವು ಅದರ ಮೇಲೇ ನಿಂತಿದ್ರಿ! ಗುಡ್ಡದ ಮೇಲಿಂದ ಉದುರಿದ ಕಲ್ಲೆಲ್ಲ ಹೊತ್ಕಂಡು ಬರ್ತೈತ್ರಿ ಅದು. ಮೇಲೆ ಕಲ್ಲು, ಒಳಗೆ ಪೂರಾ ಹಿಮ. ಕಲ್ಲು ಸರಿಸಿ ನೋಡಿದ್ರೆ ಸಿಗ್ತಿತ್ತು."

ಪಾದಪೂಜೆ ಆಗಿ ಒಂದು ಗಂಟೆ ಕಳೆದಿಲ್ಲ. ಸಾಹುಕಾರರ ಮುಖ ಕೆಂಪಾಯಿತು. ಆದರೆ ಅವರು ವ್ಯಾಪಾರಸ್ಥರು, ಮಾತು ತಿರುಗಿಸುವುದು ಬಲ್ಲರು. "ಏನ್ರಿ ಮೇಷ್ಟ್ರೆ, ಅಲ್ಲಿ ನಿಂತ ನನಗೆ ಗೊತ್ತಾಗ್ಲಿಲ್ಲ, ಹರಿಹರದಾಗೆ ಕುಂತ ನಿಮಗೆ ಗೊತ್ತಾತಾ?" ಎಂದರು. ಈ ಸಲ ಎದ್ದ ನಗು ಬೀದಿಗೆ ಕೇಳಿಸಿತು. ಅಂದಿನಿಂದ ಅವರು ಹಿಮನದಿ ಮೇಷ್ಟ್ರು.

ಮುಂದಿನ ಪರೀಕ್ಷೆಯಲ್ಲಿ ಹಿಮನದಿಗಳು ಎಲ್ಲೆಲ್ಲಿ ಇರುತ್ತವೆ ಎಂಬ ಪ್ರಶ್ನೆಗೆ ಅರ್ಧ ತರಗತಿ ಭೂಮಿಯ ತುದಿಗಳ ಹೆಸರು ಬರೆದು, "ಹಿಮಾಲಯದಲ್ಲಿ ಇಲ್ಲ" ಎಂದು ಸೇರಿಸಿತು. ಕೆಲವರು ಚೇಷ್ಟೆಗೆ, ಕೆಲವರು ಭಯಕ್ಕೆ. ಇನ್ನು ಕೆಲವರು ನಿಜವಾಗಿ ನಂಬಿ. ಇವರು ಎಲ್ಲಕ್ಕೂ ಕೆಂಪು ಗೀಟು ಎಳೆದರು. ಸೊನ್ನೆ ಸುತ್ತಿದರು. ಮನೆ ಮನೆಯಿಂದ ದೂರು ಹೋಯಿತು: ಸಾಹುಕಾರರ ಮಾತು ಬರೆದದ್ದಕ್ಕೆ ಸೊನ್ನೆಯಂತೆ, ಕೇದಾರಕ್ಕೆ ಹೋಗಿ ಬಂದವರಿಗೆ ಅವಮಾನವಂತೆ. ಹೆಡ್‌ಮಾಸ್ತರು ಬೆವರಿಕೊಂಡು ಓಡಾಡಿದರು. ಕಡೆಗೆ ಮಂಡಿಗೆ ಕರೆ ಬಂತು. ಮೇಷ್ಟ್ರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಸಾಹುಕಾರರು ಸಿಟ್ಟಾಗಿರಲಿಲ್ಲ. ಮಂಡಕ್ಕಿ ತರಿಸಿದರು. "ಕೂಡ್ರಿ ಮೇಷ್ಟ್ರೆ. ಹೋದ ವರ್ಷ ನಿಮ್ಮನ್ನ ಬಿಟ್ಟು ಹೋಗಿದ್ದು ನನ್ನ ಮನಸ್ಸಿನಾಗೆ ಕೊರೀತಾನೇ ಐತೆ. ಬರೋ ಬೇಸಿಗೆಗೆ ಮತ್ತೆ ಹೊಂಟೀವಿ. ಈ ಸಲ ಬೀಗರೂ ಇಲ್ಲ ಯಾರೂ ಇಲ್ಲ, ನಿಮ್ಮ ಜಾಗ ನಿಮಗೆ. ಆ ಹುಡುಗರ ಮಾರ್ಕ್ಸ್ ಹಾಕ್ಬಿಡ್ರಿ. ಸಾವ್ಕಾರ್ರು ನೋಡಿದ್ದು ಸರಿ ಐತೆ, ಅಲ್ಲಿ ಹಿಮನದಿ ಇಲ್ಲ ಅಂತ ಕ್ಲಾಸಿನಾಗೆ ಒಂದು ಮಾತು ಅಂದ್ಬಿಡ್ರಿ. ಮುಗೀತು."

ನಾನು ಮೇಷ್ಟ್ರ ಮುಖ ನೋಡಿದೆ. ಆ ಜಾಗ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಮುಖದಲ್ಲಿ ಕಾಣುತ್ತಿತ್ತು. ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, "ಅಲ್ರಿ ಸಾವ್ಕಾರ್ರೆ, ಅದನ್ನ ನೋಡೋಕೆ ಹೋಗ್ಬೇಕಾದ್ರೆ ಅದು ಅಲ್ಲಿಲ್ಲ ಅಂತ ಹೇಳಿ ಹೋಗ್ಬೇಕೇನ್ರಿ?" ಎಂದರು.

"ಬರೇ ಬಾಯಿಮಾತಿಗೆ ರೀ."

"ನನ್ನ ಹತ್ರ ಇರೋದು ಬಾಯಿಮಾತೊಂದೇ."

ಎದ್ದು ನಮಸ್ಕಾರ ಮಾಡಿ ಹೊರಗೆ ಬಂದರು. ದಾರಿಯುದ್ದಕ್ಕೂ ನಾನು ಅವರನ್ನು ಬಯ್ದೆ. ಒಂದು ಸುಳ್ಳು ಹೇಳಿ ಹೋಗಿ ನೋಡಿ ಬಂದು ಆಮೇಲೆ ನಿಜ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಅವರು, "ಅಷ್ಟು ದೂರ ಹೋಗಿ ಅದರ ಮುಂದೆ ಯಾವ ಮುಖ ಇಟ್ಕಂಡು ನಿಲ್ಲಲಿ?" ಎಂದರು. ಅದು ದೊಡ್ಡತನವೋ ಮೊಂಡುತನವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಅವರ ಹೆಂಡತಿಗೆ ಮಾತ್ರ ಆಗ ತೀರ್ಮಾನವಾಗಿತ್ತು. ಕಂಬಳಿಯ ಅಂಗಿಯನ್ನು ಬಿಚ್ಚಿ ಒಲೆಯ ಮುಂದೆ ಪಾತ್ರೆ ಇಳಿಸುವ ಬಟ್ಟೆ ಮಾಡಿಕೊಂಡರು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಸಾಹುಕಾರರು ಹೊಟ್ಟೆಯ ಮೇಲೆ ಹೊಡೆಯುವವರಲ್ಲ ಎಂದು ಊರು ಹೊಗಳಿತು. ಭೂಗೋಳವನ್ನು ಕಿತ್ತು ಹಿಂದಿ ಪಂಡಿತರಿಗೆ ಕೊಟ್ಟರು. ಪಂಡಿತರು ಗೈಡು ನೋಡಿ ಓದಿ ಹೇಳುತ್ತಿದ್ದರು. ಇವರಿಗೆ ನೂಲುವ ತರಗತಿ ಕೊಟ್ಟರು. ತಕಲಿ ಹಿಡಿದುಕೊಂಡು ಸಣ್ಣ ಸಣ್ಣ ಹುಡುಗರ ನಡುವೆ ಚಾಪೆಯ ಮೇಲೆ ಕೂರುತ್ತಿದ್ದರು. ಅವರ ನೂಲು ಒಂದು ಗೇಣು ಬರುವುದರೊಳಗೆ ಹರಿಯುತ್ತಿತ್ತು. ಯಾರನ್ನೂ ಹೊಳೆಯ ನೀರು ಕೇಳುವುದನ್ನು ಬಿಟ್ಟರು. ಈಗ ಅವರ ಪಕ್ಕದ ಕುರ್ಚಿಯಲ್ಲಿ ಕೂರಲು ಯಾರಿಗೂ ಬೇಸರವಿರಲಿಲ್ಲ.

ಸಾಹುಕಾರರು ಹೇಳಿದಂತೆ ಮತ್ತೆ ಕೇದಾರಕ್ಕೆ ಹೋಗಿ ಬಂದರು. ಬಂದವರು ಹೊಸ ಮನೆಯ ಪೂಜೆಯ ಕೋಣೆಯ ಗೋಡೆಗೆ ಕೇದಾರದ ಚಿತ್ರ ಬರೆಯಲು ನನಗೆ ಹೇಳಿ ಕಳಿಸಿದರು. ಹೋದೆ. ಗೋಡೆಯ ಮುಂದೆ ನಿಂತು ಅವರೇ ಕೈ ಮಾಡಿ ತೋರಿಸಿದರು: ಇಲ್ಲಿ ಗುಡಿ, ಇಲ್ಲಿ ನಂದಿ, ಹಿಂದೆ ಬೆಟ್ಟ. "ಈ ಕಡೆಗೆ ಆ ಕಲ್ಲಿನ ದಿಬ್ಬ. ಈ ಸಲ ಅದು ಒಂದು ಮಗ್ಗುಲು ಕುಸಿದಿತ್ತು. ಒಳಗೆ..." ಎಂದು ತಡೆದರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಒಳಗೆ ಪೂರಾ ಬರ್ಫ ರೀ. ನಮ್ಮ ಜಿನ್ನಿನ ಗೋಡೆಯಷ್ಟು ಎತ್ತರ. ನೀಲಿ ಅಂದ್ರೆ ನೀಲಿ. ನಾನು ಬೆಪ್ಪಾಗಿ ನಿಂತ್ಬಿಟ್ಟೆ" ಎಂದರು.

"ಹಂಗಾದ್ರೆ ಮೇಷ್ಟ್ರು ಹೇಳಿದ್ದು ನಿಜ ಆತಲ್ರಿ?"

"ಆತು. ಏನ್ಮಾಡೋದು ಈಗ? ಸಭೆಯಾಗೆ ಅಂದ್ಬಿಟ್ಟೀನಿ. ಪಾದಕ್ಕೆ ನೀರು ಹಾಕಿಸ್ಕಂಡು ಆಡಿದ ಮಾತು ಅದು. ಯಾರಿಗೂ ಹೇಳ್ಬ್ಯಾಡ್ರಿ. ದಿಬ್ಬ ಬರೀಬ್ಯಾಡ್ರಿ. ಬರೇ ಗುಡಿ ಬರೀರಿ ಸಾಕು."

ಕುಂಚ ತರುವುದಿದೆ ಎಂದು ಹೇಳಿ ಹೊರಬಿದ್ದವನು ಮತ್ತೆ ಆ ಮನೆಗೆ ಹೋಗಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಬೇರೆ ಪೇಂಟರ್ ಬಂದು ಬರೆದ, ಗುಡಿ ಚೆನ್ನಾಗಿ ಬಂದಿದೆ ಎನ್ನುತ್ತಾರೆ.

ನೆಟ್ಟಗೆ ಶಾಲೆಗೆ ಹೋದೆ. ಮೇಷ್ಟ್ರು ವರಾಂಡದ ಚಾಪೆಯ ಮೇಲೆ ಒಬ್ಬರೇ ಕೂತು ಹತ್ತಿ ಬಿಡಿಸುತ್ತಿದ್ದರು. ಒಂದೇ ಉಸಿರಿನಲ್ಲಿ ಹೇಳಿದೆ. ಈಗಲೇ ಹೆಡ್‌ಮಾಸ್ತರ ಹತ್ತಿರ ಹೋಗೋಣ, ಊರಿಗೆಲ್ಲ ಸಾರೋಣ ಎಂದು ನಾನು ಕುಣಿಯುತ್ತಿದ್ದೆ. ಗೆದ್ದಿರಿ ಎಂದೆ. ಸಾರುವುದೇನೂ ಬೇಡ ಎಂದು ಅವರು ಕೈಯಾಡಿಸಿದರು. ಅವರ ಮುಖದಲ್ಲಿ ಗೆದ್ದ ಕಳೆಯೇನೂ ಕಾಣಲಿಲ್ಲ. ಅಲ್ಲಿ ಅದು ಇದೆ ಎಂಬುದರಲ್ಲಿ ಅವರಿಗೆ ಯಾವತ್ತೂ ಅನುಮಾನವಿರಲಿಲ್ಲವಲ್ಲ.

"ನೀಲಿ ಅಂದ್ರಾ?" ಎಂದರು.

"ಹೌದ್ರಿ. ನೀಲಿ ಅಂದ್ರೆ ನೀಲಿ ಅಂತೆ."

ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು. "ನಾನು ಇಷ್ಟು ವರ್ಷ ಬಿಳೀದು ಅಂತ ಹೇಳ್ಕೊಟ್ಟೀನಲ್ಲೋ ಮಾರಾಯ. ಪುಸ್ತಕದಾಗೆ ಬಣ್ಣ ಎಲ್ಲಿರ್ತೈತೆ, ಹಿಮ ಅಂದ್ಮೇಲೆ ಬಿಳೀನೇ ಅನ್ಕಂಡಿದ್ದೆ. ಎಷ್ಟು ಹುಡುಗ್ರು ಹಂಗೇ ತಿಳ್ಕಂಡು ಹೋದ್ರೋ." ಗೋಡೆಯ ಆಚೆ ಭೂಗೋಳದ ತರಗತಿಯಲ್ಲಿ ಪಂಡಿತರು ಗೈಡು ಓದುವುದು ಕೇಳುತ್ತಿತ್ತು. "ತಿದ್ದೋಣ ಅಂದ್ರೆ ನನಗೆ ಕ್ಲಾಸಿಲ್ಲ" ಎಂದರು.

ಆಗ ಗಂಟೆ ಹೊಡೆಯಿತು. ಸಣ್ಣ ಹುಡುಗರು ತಕಲಿ ತಗೊಂಡು ಗಲಾಟೆ ಮಾಡುತ್ತ ಬಂದರು. ಅವರು ಸರಿದು ಜಾಗ ಮಾಡಿಕೊಟ್ಟರು.